ಗಾಡಿ ಮೇಲಿದ್ದ ಮಗನಿಗೆ ಫೋನ್ ಮಾಡಿದ್ದು ನಾನೇ. ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?

ಸರಸ್ವತಿಪುರಂ ಅಮ್ಮ · ಭಾನುವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗನಿಗೆ ಹದಿನೆಂಟು ತುಂಬಿ ಐದು ತಿಂಗಳಾಯಿತು. ಡಿಎಲ್ ಬಂದು ಎರಡು ತಿಂಗಳು. ಹೋದ ಮಂಗಳವಾರ ಸಂಜೆ ಕೋಚಿಂಗ್ ಮುಗಿಸಿ ಬರುವಾಗ ಬೋಗಾದಿ ರಸ್ತೆಯಲ್ಲಿ ಸ್ಕೂಟರ್‌ನಿಂದ ಬಿದ್ದ. ಮುಂದಿದ್ದ ಆಟೋ ಜನ ಇಳಿಸಲು ನಿಂತಿದೆ. ಇವನು ನೋಡಿಲ್ಲ. ಎಡಗೈ ಮಣಿಕಟ್ಟು ಮುರಿದಿದೆ, ಮೊಣಕಾಲಿನ ಚರ್ಮ ಕಿತ್ತು ಬಂದಿದೆ. ಹೆಲ್ಮೆಟ್ ಹಾಕಿದ್ದರಿಂದ ತಲೆ ಉಳಿಯಿತು.

ಬೀಳುವಾಗ ಅವನು ಫೋನಿನಲ್ಲಿದ್ದ. ಫೋನ್ ಮಾಡಿದ್ದು ನಾನೇ. ಬರುತ್ತಾ ಅರ್ಧ ಲೀಟರ್ ಮೊಸರು ತಗೊಂಡು ಬಾ ಅಂತ ಹೇಳುವುದಿತ್ತು. ಮೊದಲ ಸಲ ಎತ್ತಲಿಲ್ಲ. ಮತ್ತೆ ಮಾಡಿದೆ, ಆಗಲೂ ಎತ್ತಲಿಲ್ಲ. ಏನಾಯಿತೋ ಅಂತ ಮೂರನೇ ಸಲ ಮಾಡಿದೆ. ಆಗ ಎತ್ತಿ "ಅಮ್ಮ, ಗಾಡಿ ಮೇಲೆ ಇದ್ದೀನಿ" ಅಂದ. ಆಗಲಾದರೂ ನಾನು ಇಡಬೇಕಿತ್ತು. "ಸರಿ, ಮೊಸರು..." ಅಂತ ಶುರು ಮಾಡಿದೆ. ಆಮೇಲೆ ಕೇಳಿಸಿದ ಸದ್ದು ಇನ್ನೂ ಕಿವಿಯಲ್ಲಿದೆ.

ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಫೋನ್ ತೆಗೆದು ಹಳೆಯ ಕರೆಗಳನ್ನೆಲ್ಲ ನೋಡಿದೆ. ಅವನ ಕೋಚಿಂಗ್ ಬಿಡುವುದು ಆರಕ್ಕೆ, ಮನೆ ಸೇರುವುದು ಆರೂವರೆಗೆ. ಆ ಅರ್ಧ ಗಂಟೆಯೊಳಗೆ ಒಂದೇ ತಿಂಗಳಲ್ಲಿ ನಾನು ಹದಿನಾಲ್ಕು ಸಲ ಫೋನ್ ಮಾಡಿದ್ದೇನೆ. ಅವನು ರಸ್ತೆಯಲ್ಲಿದ್ದಾನೆ ಅಂತ ಗೊತ್ತಿದ್ದೇ ಮಾಡಿದ್ದೇನೆ. ಅವರಪ್ಪನ ಫೋನಿನಲ್ಲಿ ಒಂಬತ್ತು.

ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡ ಅಂತ ಬೆಳಿಗ್ಗೆ ಹೇಳುವವಳೂ ನಾನೇ, ಸಂಜೆ ಅದೇ ಹೊತ್ತಿಗೆ ಮೂರು ಸಲ ಫೋನ್ ಮಾಡುವವಳೂ ನಾನೇ. ಮಕ್ಕಳು ಯಾವ ಮಾತು ಕೇಳಬೇಕು? ನಿಮ್ಮ ಮನೆಗಳಲ್ಲಿ ಏನಾದರೂ ಪದ್ಧತಿ ಮಾಡಿಕೊಂಡಿದ್ದರೆ ಹೇಳಿ. ನಿಜವಾಗಿ ನಡೆಯುವಂಥದ್ದು ಬೇಕು.

ಹೆಬ್ಬಾಳದ ಅಪ್ಪ · ಭಾನುವಾರ, ರಾತ್ರಿ 9:48

ಮೇಡಂ, ಮಗ ಬೇಗ ಹುಷಾರಾಗಲಿ. ಆದರೆ ತಪ್ಪನ್ನೆಲ್ಲ ನಿಮ್ಮ ಮೇಲೆ ಹಾಕಿಕೊಳ್ಳಬೇಡಿ. ಫೋನ್ ಬಂದರೆ ಎತ್ತಬಾರದು ಅನ್ನುವುದು ಹದಿನೆಂಟು ವರ್ಷದ ಹುಡುಗನಿಗೆ ಗೊತ್ತಿರಬೇಕು. ನನಗೂ ಇಬ್ಬರು ಮಕ್ಕಳು. ಗಾಡಿ ಕೀ ಬೇಕಾ, ಫೋನ್ ಮನೆಯಲ್ಲಿಡು ಅಂತ ಹೇಳಿದ್ದೇನೆ. ಎರಡರಲ್ಲಿ ಒಂದು. ಪೊಲೀಸರೂ ಕಾಲೇಜುಗಳ ಗೇಟಿನಲ್ಲೇ ನಿಂತು ದಂಡ ಹಾಕಬೇಕು. ಭಯ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ.

ಸೆಕೆಂಡ್ ಪಿಯು · ಭಾನುವಾರ, ರಾತ್ರಿ 10:15

ಆಂಟಿ, ನಾನು ಹುಡುಗಿ, ಹದಿನೇಳು ವರ್ಷ. 25 ಕಿ.ಮೀ. ವೇಗ ಮೀರದ ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ಟ್ಯೂಷನ್‌ಗೆ ಹೋಗುತ್ತೇನೆ. ನಿಮ್ಮದನ್ನು ಓದಿ ನಮ್ಮ ಮನೆಯದೇ ಕಥೆ ಅನ್ನಿಸಿತು.

ಅಂಕಲ್ ಫೋನ್ ಮನೆಯಲ್ಲಿಡು ಅನ್ನುತ್ತಿದ್ದಾರೆ. ನನಗೆ ಬೆಳಿಗ್ಗೆ ಐದೂಮುಕ್ಕಾಲಿಗೆ ಟ್ಯೂಷನ್. ಚಳಿಗಾಲದಲ್ಲಿ ಆ ಹೊತ್ತಿಗೆ ಪೂರ್ತಿ ಕತ್ತಲು. ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಗಾಡಿ ಕೆಟ್ಟು ನಿಂತರೆ ಫೋನ್ ಇಲ್ಲದೆ ಏನು ಮಾಡಲಿ? ನಮ್ಮಂಥವರಿಗೆ ಫೋನ್ ಬೇಕೇ ಬೇಕು. ಗಾಡಿ ಓಡುವಾಗ ಅದು ಸುಮ್ಮನಿರಬೇಕು ಅಷ್ಟೇ.

ಇನ್ನೊಂದು ನಿಜ ಹೇಳುತ್ತೇನೆ. ಫ್ರೆಂಡ್ಸ್ ಫೋನ್ ಮಾಡಿದರೆ ಎತ್ತದೆ ಇರಬಹುದು. ಆಮೇಲೆ ಮಾಡಿದರಾಯಿತು, ಯಾರೂ ಬೈಯುವುದಿಲ್ಲ. ಅಮ್ಮನದು ಎತ್ತದೆ ಇರಲು ಆಗುವುದಿಲ್ಲ. ಎರಡು ಸಲ ಎತ್ತದಿದ್ದರೆ ಮನೆಗೆ ಹೋದ ತಕ್ಷಣ "ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಇದ್ದೆ" ಅಂತ ಶುರುವಾಗುತ್ತದೆ. ಪಕ್ಕಕ್ಕೆ ನಿಲ್ಲಿಸಿ ಎತ್ತಬಹುದಲ್ಲ ಅನ್ನುತ್ತೀರಿ. ಹಿಂದೆ ಸಿಟಿ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ, ನಿಲ್ಲಿಸಲು ಜಾಗ ಇರುವುದಿಲ್ಲ, ಅಷ್ಟರಲ್ಲಿ ರಿಂಗ್ ನಿಂತುಹೋಗುತ್ತದೆ. ಅದಕ್ಕೆ ಹೆಲ್ಮೆಟ್ ಒಳಗೆ ಫೋನ್ ತುರುಕಿಕೊಂಡು "ಹಾಂ ಬರ್ತಿದೀನಿ" ಅಂದುಬಿಡುತ್ತೇವೆ. ನಮ್ಮ ಕ್ಲಾಸಿನಲ್ಲಿ ಗಾಡಿ ತರುವ ಹುಡುಗಿಯರೆಲ್ಲ ಹೀಗೇ ಮಾಡುತ್ತಾರೆ.

ಹುಡುಗರದು ಬೇರೆ. ಹಾಡು ಬದಲಾಯಿಸುವುದು, ಬೆಟ್ಟದ ರಸ್ತೆಯಲ್ಲಿ ರೀಲ್ಸ್ ಮಾಡುವುದು. ದಸರಾ ಲೈಟಿಂಗ್ ಟೈಮಿನಲ್ಲಿ ಒಂದು ಕೈಯಲ್ಲಿ ಗಾಡಿ, ಇನ್ನೊಂದು ಕೈಯಲ್ಲಿ ವಿಡಿಯೋ. ಅದನ್ನು ನಾನು ಸರಿ ಅನ್ನುತ್ತಿಲ್ಲ.

ಮಂಡ್ಯದ ಫಿಸಿಕ್ಸ್ ಮೇಷ್ಟ್ರು · ಸೋಮವಾರ, ಬೆಳಿಗ್ಗೆ 7:05

ಮಗಳೇ, ನೀನು ಬರೆದಿದ್ದನ್ನು ಇವತ್ತು ನಮ್ಮ ಸ್ಟಾಫ್ ರೂಮಿನಲ್ಲಿ ಓದಿ ಹೇಳುತ್ತೇನೆ.

ನಾನು ಪಿಯು ಹುಡುಗರಿಗೆ ಪಾಠ ಮಾಡುವವನು. ಹೋದ ವರ್ಷ ಒಂದು ಕೆಲಸ ಮಾಡಿದೆ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆ. 11 ಮೀಟರ್ ಚಿಲ್ಲರೆ. ಒಂದು ಮೆಸೇಜ್ ಓದಲು ಎಷ್ಟು ಹೊತ್ತು ಬೇಕು ಅಂತ ಅವರ ಫೋನಿನಲ್ಲೇ ಅಳೆಸಿದೆ. ಸುಮಾರು ನಾಲ್ಕು ಸೆಕೆಂಡ್ ಬಂತು. ಆಮೇಲೆ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಸುಣ್ಣದ ಪುಡಿಯಲ್ಲಿ 44 ಮೀಟರ್ ಗೆರೆ ಎಳೆದೆ. ಎರಡು ಕ್ರಿಕೆಟ್ ಪಿಚ್ ಸೇರಿಸಿದರೂ ಅದಕ್ಕಿಂತ ಕಮ್ಮಿ. ಒಬ್ಬನನ್ನು ಆ ತುದಿಯಲ್ಲಿ ನಿಲ್ಲಿಸಿ, ಇನ್ನೊಬ್ಬನಿಗೆ ಈ ತುದಿಯಿಂದ ಕಣ್ಣು ಮುಚ್ಚಿಕೊಂಡು ನಡೆಯಲು ಹೇಳಿದೆ. ಓಡಲು ಅಲ್ಲ, ಬರೀ ನಡೆಯಲು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕೈ ಮುಂದೆ ಚಾಚಿದ. ಹದಿನೈದಕ್ಕೆ ಕಣ್ಣು ಬಿಟ್ಟ. ನಗುತ್ತಿದ್ದವರೆಲ್ಲ ಸುಮ್ಮನಾದರು.

ಅಷ್ಟಕ್ಕೇ ಮುಗಿಯಲಿಲ್ಲ. ಒಬ್ಬ ಹುಡುಗ ಕೇಳಿದ, "ಸಾರ್, ಕಣ್ಣು ಬಿಟ್ಟ ತಕ್ಷಣ ಗಾಡಿ ನಿಲ್ಲುವುದಿಲ್ಲವಲ್ಲ, ಬ್ರೇಕ್‌ಗೂ ದೂರ ಬೇಕಲ್ವಾ?" ಒಳ್ಳೆ ಪ್ರಶ್ನೆ. ಒಣ ರಸ್ತೆ, ಒಳ್ಳೆ ಬ್ರೇಕ್ ಇದ್ದರೂ 40ರಲ್ಲಿ ಹತ್ತು ಹನ್ನೆರಡು ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ಈ ದೂರ ನಾಲ್ಕು ಪಟ್ಟಾಗುತ್ತದೆ. ಅವರೇ ಗೆರೆಯನ್ನು ಮುಂದಕ್ಕೆ ಎಳೆದರು. ಆ ಗೆರೆ ಮೈದಾನದಲ್ಲಿ ಎರಡು ವಾರ ಇತ್ತು. ಮಳೆ ಬಂದು ಅಳಿಸಿಹೋಯಿತು.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಬಿಡುವುದಿಲ್ಲ. ಅದು ಸರಿಯಾದ ತೀರ್ಮಾನವೇ. ಆದರೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಹುಡುಗರೆಲ್ಲ ಈಗ ಸರ್ವಿಸ್ ರಸ್ತೆಯಲ್ಲಿ ಓಡಾಡುತ್ತಾರೆ. ಅಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬರುತ್ತದೆ, ದನ ಬರುತ್ತದೆ, ರಾಂಗ್ ಸೈಡಿನಲ್ಲಿ ಬೈಕ್ ಬರುತ್ತದೆ. ದೊಡ್ಡ ರಸ್ತೆ ಅಲ್ಲವಲ್ಲ ಅಂತ ಫೋನ್ ತೆಗೆಯುತ್ತಾರೆ. ನಾಲ್ಕು ಸೆಕೆಂಡ್ ಕಣ್ಣು ತೆಗೆಯಬಾರದ ಜಾಗ ಅಂದರೆ ಅದೇ.

ಕುವೆಂಪುನಗರ · ಸೋಮವಾರ, ಬೆಳಿಗ್ಗೆ 8:30

ಇಯರ್‌ಬಡ್ಸ್ ಹಾಕಿಕೊಂಡು ಮಾತಾಡಿದರೆ ಪರವಾಗಿಲ್ವಾ? ಕೈ ಎರಡೂ ಹ್ಯಾಂಡಲ್ ಮೇಲೇ ಇರುತ್ತದೆ. ನನ್ನ ಮಗಳಿಗೆ ಅದನ್ನೇ ಕೊಡಿಸಿದ್ದೇನೆ.

ನೈಟ್ ಡ್ಯೂಟಿ ನರ್ಸ್ · ಸೋಮವಾರ, ಬೆಳಿಗ್ಗೆ 9:10

ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ಇದಕ್ಕೆ ಉತ್ತರ ಕೊಟ್ಟೇ ಮಲಗುತ್ತೇನೆ.

ಪರವಾಗಿಲ್ಲ ಅನ್ನಲು ಆಗುವುದಿಲ್ಲ ಮೇಡಂ. ಫೋನ್ ಬಳಸುತ್ತಾ ಗಾಡಿ ಓಡಿಸುವವರಿಗೆ ಅಪಘಾತದ ಸಾಧ್ಯತೆ ಸುಮಾರು 4 ಪಟ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೈಯಲ್ಲಿ ಹಿಡಿಯದೆ ಮಾತಾಡಿದರೂ ಅಪಾಯ ಅಷ್ಟೇನೂ ಕಮ್ಮಿಯಾಗುವುದಿಲ್ಲ ಅಂತಲೂ ಹೇಳುತ್ತದೆ. ಕೈ ಹ್ಯಾಂಡಲ್ ಮೇಲಿದ್ದರೂ ಗಮನ ಮಾತಿನ ಮೇಲಿರುತ್ತದೆ. ಕಣ್ಣು ಮುಂದೆಯೇ ಇರುತ್ತದೆ, ಕಂಡದ್ದು ತಲೆಗೆ ಹೋಗುವುದಿಲ್ಲ. ಈ ವಯಸ್ಸಿನಲ್ಲಂತೂ ಮುಂದಾಲೋಚನೆ ಮಾಡುವ, ತಡೆದುಕೊಳ್ಳುವ ಮೆದುಳಿನ ಭಾಗ ಇನ್ನೂ ಬೆಳೆಯುತ್ತಿರುತ್ತದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹದಿನೆಂಟಕ್ಕೆ ಡಿಎಲ್ ಸಿಗುತ್ತದೆ, ಆ ತಡೆ ಅದೇ ದಿನ ಬಂದುಬಿಡುವುದಿಲ್ಲ.

ಆ ಹುಡುಗಿ ಹೆಲ್ಮೆಟ್ ಒಳಗೆ ಫೋನ್ ತುರುಕಿಕೊಳ್ಳುವ ವಿಷಯ ಬರೆದಿದ್ದಾಳೆ. ಅದನ್ನು ಎಲ್ಲ ತಾಯಂದಿರೂ ಓದಬೇಕು. ಫೋನ್ ಹಿಡಿಸಬೇಕು ಅಂತ ಮಕ್ಕಳು ಹೆಲ್ಮೆಟ್ ಪಟ್ಟಿ ಸಡಿಲ ಮಾಡುತ್ತಾರೆ, ಇಲ್ಲವೇ ಹಾಕುವುದೇ ಇಲ್ಲ. ಪಟ್ಟಿ ಬಿಗಿಯಿಲ್ಲದ ಹೆಲ್ಮೆಟ್ ಬಿದ್ದ ಹೊತ್ತಿಗೆ ತಲೆಯ ಮೇಲೆ ಉಳಿಯುವುದಿಲ್ಲ. ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ. ಇದಕ್ಕಿಂತ ಹೆಚ್ಚು ಬರೆಯಲು ಮನಸ್ಸಿಲ್ಲ.

ಒಂದು ಕೆಲಸ ಇವತ್ತೇ ಮಾಡಿ. ಮಕ್ಕಳ ಫೋನ್ ಸೆಟ್ಟಿಂಗ್‌ನಲ್ಲಿ ತುರ್ತು ಸಂಪರ್ಕದ ನಂಬರ್ ಹಾಕಿ. ಲಾಕ್ ಬಿಚ್ಚದೆಯೇ ಅದು ಕಾಣುವ ಹಾಗೆ ಮಾಡಬಹುದು. ಪ್ರಜ್ಞೆ ಇಲ್ಲದ ಮಗುವನ್ನು ತಂದಾಗ ಫೋನ್ ನಮ್ಮ ಕೈಯಲ್ಲೇ ಇರುತ್ತದೆ, ಮನೆಯವರ ನಂಬರ್ ಸಿಗುವುದಿಲ್ಲ. ರಕ್ತದ ಗುಂಪನ್ನೂ ಅಲ್ಲೇ ಬರೆದಿಡಬಹುದು.

ಪಾಂಡವಪುರ ಕಡೆಯವನು · ಸೋಮವಾರ, ಮಧ್ಯಾಹ್ನ 1:40

ನಾವು ಹಳ್ಳಿಯವರು, ನಮ್ಮದನ್ನೂ ಹೇಳುತ್ತೇನೆ. ನಮ್ಮೂರಿನ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೇ ದಾರಿ. ಎಷ್ಟೋ ಕಡೆ ಪಕ್ಕದಲ್ಲಿ ತಡೆಗೋಡೆ ಇಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು. ಶಾಲೆ ಮಕ್ಕಳೂ ಇದ್ದರು. ಅದರ ಕಾರಣ ಬೇರೆ, ಫೋನಲ್ಲ. ಆದರೆ ಅವತ್ತಿಂದ ನನಗೆ ಮಗ ನಾಲೆ ಏರಿ ಹತ್ತಿದ ಅಂದರೆ ಅವನು ಬರುವವರೆಗೂ ಊಟ ಇಳಿಯುವುದಿಲ್ಲ. ಊಟ ಇಳಿಯದಿದ್ದಾಗ ಏನು ಮಾಡುತ್ತೇನೆ? ಫೋನ್ ಮಾಡುತ್ತೇನೆ. ಈ ತಾಯಿ ಬರೆದದ್ದು ಓದಿದ ಮೇಲೆ ಹೊಳೆಯಿತು. ನೀರಿನ ಪಕ್ಕದಲ್ಲಿ ಹೋಗುತ್ತಿರುವವನ ಕೈಯನ್ನು ಹ್ಯಾಂಡಲ್‌ನಿಂದ ತೆಗೆಸುತ್ತಿರುವವನು ನಾನೇ.

ಕಬ್ಬು ಅರೆಯುವ ಕಾಲದಲ್ಲಿ ಇನ್ನೂ ಕಷ್ಟ. ಕತ್ತಲಲ್ಲಿ ಕಬ್ಬಿನ ಟ್ರೇಲರ್ ರಸ್ತೆ ಪಕ್ಕ ನಿಂತಿರುತ್ತದೆ, ಹಿಂದೆ ಲೈಟೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಜಲ್ಲೆಗಳು ಹಿಂದಕ್ಕೆ ಚಾಚಿಕೊಂಡಿರುತ್ತವೆ. ಫೋನಿನ ಬೆಳಕು ನೋಡಿ ತಲೆ ಎತ್ತಿದರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಕಬ್ಬು ಮುಖಕ್ಕೇ ಬಂದಿರುತ್ತದೆ. ನಾವು ಟ್ರ್ಯಾಕ್ಟರ್ ಇಟ್ಟುಕೊಂಡವರು ಪಟ್ಟಿ ಅಂಟಿಸಬೇಕು. ಅದು ನಮ್ಮ ಪಾಲಿನ ಕೆಲಸ. ನಾನು ನಾಳೆಯೇ ಅಂಟಿಸುತ್ತೇನೆ.

ಒಂದು ಕೇಳಬೇಕು. ನನ್ನ ಮಗನಿಗೆ ಹದಿನಾರೂವರೆ. ಬೈಕ್ ಓಡಿಸುತ್ತಾನೆ. ಸುಳ್ಳು ಹೇಳುವುದಿಲ್ಲ, ಕೊಟ್ಟಿದ್ದು ನಾನೇ. ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಸಿಕ್ಕಿಹಾಕಿಕೊಂಡರೆ ಏನಾಗುತ್ತದೆ?

ಮೈಸೂರು ವಕೀಲ · ಸೋಮವಾರ, ಸಂಜೆ 6:55

ಅಣ್ಣ, ಮುಚ್ಚುಮರೆ ಇಲ್ಲದೆ ಕೇಳಿದ್ದೀರಿ. ಹಾಗೇ ಹೇಳುತ್ತೇನೆ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. ಅದರಲ್ಲಿ 199ಎ ಅಂತ ಹೊಸ ಸೆಕ್ಷನ್ ಇದೆ. ಹದಿನೆಂಟು ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿ ಮಾಲೀಕರನ್ನೇ ತಪ್ಪಿತಸ್ಥರು ಅಂತ ಕಾನೂನು ಎಣಿಸುತ್ತದೆ. ನನಗೆ ಗೊತ್ತಿರಲಿಲ್ಲ, ಇಲ್ಲವೇ ತಡೆಯಲು ಆದಷ್ಟು ಮಾಡಿದ್ದೆ ಅಂತ ಸಾಬೀತು ಮಾಡಬೇಕಾದವರು ನೀವು. ಶಿಕ್ಷೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಕೂಡ ಸಿಗುವುದಿಲ್ಲ. ಅಪಘಾತದಲ್ಲಿ ಬೇರೆಯವರಿಗೆ ಏಟಾದರೆ ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟರೂ, ಡಿಎಲ್ ಇರಲಿಲ್ಲ ಅಂತ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಲು ಬರಬಹುದು. ಜಮೀನು ಮಾರುವ ಮಾತು ಅದು. 50 ಸಿಸಿ ಒಳಗಿನ ಗಾಡಿಗೆ 16ಕ್ಕೆ ಲೈಸೆನ್ಸ್ ಕೊಡುತ್ತಾರೆ, ನಿಜ. ಆದರೆ ಈಗ ಓಡಾಡುವ ಬೈಕು, ಸ್ಕೂಟರುಗಳು ಆ ಲೆಕ್ಕಕ್ಕೆ ಬರುವುದಿಲ್ಲ. ದಯವಿಟ್ಟು ಇವತ್ತಿನಿಂದ ಕೀ ಎತ್ತಿಡಿ.

ಸೆಕೆಂಡ್ ಪಿಯು ಹುಡುಗಿಯ ಸ್ಕೂಟರ್ ಬೇರೆ. 25 ಕಿ.ಮೀ. ವೇಗ ಮೀರದ, ಮೋಟಾರ್ 250 ವ್ಯಾಟ್‌ಗಿಂತ ಕಮ್ಮಿ ಇರುವ ಗಾಡಿಗೆ ಲೈಸೆನ್ಸ್ ಬೇಡ. ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ, ಕಾಗದದಲ್ಲಿ ನೋಡಿಕೊಳ್ಳಿ.

ಫೋನ್ ವಿಷಯಕ್ಕೆ ಬಂದರೆ, ಕೈಯಲ್ಲಿ ಫೋನ್ ಹಿಡಿದು ಓಡಿಸುವುದು ಸೆಕ್ಷನ್ 184ರ ಕೆಳಗೆ ಅಪಾಯಕಾರಿ ಚಾಲನೆ. ಮೊದಲ ಸಲ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ ಎರಡೂ. ದಾರಿ ನೋಡಲು ಮಾತ್ರ, ಗಮನ ಕೆಡದ ಹಾಗೆ ಬಳಸಬಹುದು ಅಂತ 2020ರ ಅಕ್ಟೋಬರ್ 1ರಿಂದ ನಿಯಮ ಇದೆ. ಹೆಬ್ಬಾಳದ ಅಪ್ಪ ದಂಡ ಬೇಕು ಅಂದರು. ದಂಡ ಇದೆ ಸಾರ್. ಆದರೆ ಪ್ರತಿ ಸರ್ಕಲ್‌ನಲ್ಲೂ ಪೊಲೀಸರು ಇರುವುದಿಲ್ಲ. ಮನೆಯಿಂದ ಫೋನ್ ಮಾಡಿದವರಿಗೆ ಯಾವ ಸೆಕ್ಷನ್ನೂ ಇಲ್ಲ. ಈ ತಾಯಿ ಎತ್ತಿದ ಮಾತು ಅದಕ್ಕೇ ಮುಖ್ಯ ಅನ್ನಿಸಿತು.

ಡ್ರೈವಿಂಗ್ ಸ್ಕೂಲ್ · ಮಂಗಳವಾರ, ಬೆಳಿಗ್ಗೆ 6:30

ಹತ್ತೊಂಬತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಬರುವ ಮಕ್ಕಳಿಗೆ ಕ್ಲಚ್ ಗೊತ್ತಿರುವುದಿಲ್ಲ, ಆದರೆ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿಯುವುದು ಗೊತ್ತಿರುತ್ತದೆ. ಎಲ್ಲಿ ಕಲಿತೆ ಅಂದರೆ "ಅಪ್ಪ ಹಾಗೇ ಹಿಡಿಯುತ್ತಾರೆ" ಅನ್ನುತ್ತಾರೆ. ಇನ್ನೊಂದು ಕೈಯಲ್ಲಿ ಅಪ್ಪನಿಗೆ ಫೋನ್ ಇರುತ್ತಿತ್ತು ಅಲ್ವಾ. ಮಗು ಹಿಂದಿನ ಸೀಟಿನಲ್ಲಿ ಕೂತು ಹತ್ತು ಹದಿನೈದು ವರ್ಷ ಅದನ್ನೇ ನೋಡಿರುತ್ತದೆ. ನಾನು ಒಂದು ತಿಂಗಳಲ್ಲಿ ಅದನ್ನು ಬಿಡಿಸಬೇಕು.

ನಾನು ಮಾಡುವುದು ಇಷ್ಟು. ಗಾಡಿ ಹತ್ತುವ ಮೊದಲು ಫೋನ್ ಸೀಟಿನ ಕೆಳಗಿನ ಡಿಕ್ಕಿಗೆ. ಜೇಬಿಗೆ ಅಲ್ಲ. ಜೇಬಿನಲ್ಲಿದ್ದರೆ ನಡುಗುವುದು ತೊಡೆಗೆ ಗೊತ್ತಾಗುತ್ತದೆ, ಮನಸ್ಸು ಅಲ್ಲಿಗೆ ಹೋಗುತ್ತದೆ. ಡಿಕ್ಕಿ ತೆಗೆಯಬೇಕು ಅಂದರೆ ಗಾಡಿ ನಿಲ್ಲಿಸಿ ಇಳಿಯಲೇಬೇಕು. ಹಿಂದೆ ಯಾರಾದರೂ ಕೂತಿದ್ದರೆ ಫೋನ್ ಅವರ ಕೈಗೆ, ಮಾತಾಡುವುದೂ ಅವರೇ.

ಹೆಬ್ಬಾಳದ ಅಪ್ಪ · ಮಂಗಳವಾರ, ಬೆಳಿಗ್ಗೆ 8:15

ನಿನ್ನೆ ರಾತ್ರಿ ನನ್ನ ಫೋನನ್ನೂ ತೆಗೆದು ನೋಡಿದೆ. ಫೋನ್ ಮನೆಯಲ್ಲಿಟ್ಟು ಹೋಗು ಅನ್ನುವವನು ನಾನು. ಅದಕ್ಕೆ ಮಗನಿಗಲ್ಲ, ಅವನ ಹಿಂದೆ ಕೂತು ಹೋಗುವ ಗೆಳೆಯನಿಗೆ ಮಾಡಿದ್ದೇನೆ. "ಅವನಿಗೆ ಕೊಡಪ್ಪ" ಅಂದಿದ್ದೇನೆ. ಓಡಿಸುತ್ತಿದ್ದವನು ನನ್ನ ಮಗ.

ಸೆಕೆಂಡ್ ಪಿಯು, ನಿನ್ನ ಮಾತು ಸರಿಯಮ್ಮ. ಫೋನ್ ಕಿತ್ತುಕೊಳ್ಳುವುದಿಲ್ಲ. ಗಾಡಿ ಓಡುವಾಗ ಅದು ತಾನೇ ಸುಮ್ಮನಿರುವ ಹಾಗೆ ಮಾಡುವುದು ಹೇಗೆ ಅಂತ ಹೇಳುತ್ತೀಯಾ?

ಸೆಕೆಂಡ್ ಪಿಯು · ಮಂಗಳವಾರ, ಸಂಜೆ 7:20

ಥ್ಯಾಂಕ್ಸ್ ಅಂಕಲ್. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಫೋಕಸ್ ಅಂತ ಇದೆ, ಅದರೊಳಗೆ ಡ್ರೈವಿಂಗ್. ಮೆಸೇಜ್ ಮಾಡಿದವರಿಗೆ "ಗಾಡಿ ಓಡಿಸುತ್ತಿದ್ದೇನೆ" ಅಂತ ತಾನೇ ಉತ್ತರ ಕಳಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಥರ. ಕೆಲವದರಲ್ಲಿ ಡ್ರೈವಿಂಗ್ ಮೋಡ್ ಇರುತ್ತದೆ, ಇಲ್ಲದಿದ್ದರೆ ಡು ನಾಟ್ ಡಿಸ್ಟರ್ಬ್ ಹಾಕಿದರೆ ಸಾಕು.

ಆದರೆ ಒಂದು ವಿಷಯ ಗಮನಿಸಿ. ಅದರಲ್ಲಿ "ಮತ್ತೆ ಮತ್ತೆ ಕರೆ ಮಾಡುವವರು" ಅಂತ ಒಂದು ಆಯ್ಕೆ ಇರುತ್ತದೆ. ಅದು ಆನ್ ಇದ್ದರೆ ಒಬ್ಬರೇ ಸ್ವಲ್ಪ ಹೊತ್ತಿನಲ್ಲಿ ಎರಡನೇ ಸಲ ಮಾಡಿದಾಗ ಫೋನ್ ರಿಂಗ್ ಆಗುತ್ತದೆ. ಐಫೋನ್‌ನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ. ತುರ್ತು ಇರಬಹುದು ಅಂತ ಹಾಗೆ ಮಾಡಿದ್ದಾರೆ. ಎತ್ತಲಿಲ್ಲ ಅಂತ ಅಮ್ಮಂದಿರು ಮೂರು ಸಲ ಮಾಡಿದರೆ ಎಲ್ಲ ಮೋಡನ್ನೂ ದಾಟಿಕೊಂಡು ರಿಂಗ್ ಆಗುತ್ತದೆ.

ಅದನ್ನು ಆಫ್ ಮಾಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಿಜವಾಗಿ ಏನಾದರೂ ಆದಾಗ ಬೇಕಾಗುತ್ತದೆ. ನೀವು ಎರಡನೇ ಸಲ ಮಾಡುವ ಮೊದಲು ಒಂದು ನಿಮಿಷ ಯೋಚಿಸಿ. ಎರಡನೇ ಸಲ ರಿಂಗ್ ಆಯಿತು ಅಂದರೆ ನಿಜವಾಗಿಯೂ ತುರ್ತು ಅಂತ ನಮಗೆ ಗೊತ್ತಾಗಬೇಕು. ಆಗ ನಾವು ಎಲ್ಲಿದ್ದರೂ ನಿಲ್ಲಿಸುತ್ತೇವೆ.

ಪಾಂಡವಪುರ ಕಡೆಯವನು · ಬುಧವಾರ, ರಾತ್ರಿ 9:00

ವಕೀಲರೇ, ಕೀ ಎತ್ತಿಟ್ಟೆ. ಮಗ ಎರಡು ದಿನ ಮಾತಾಡಲಿಲ್ಲ. ಇವತ್ತು ನಾನೇ ಬಸ್‌ಸ್ಟ್ಯಾಂಡ್‌ವರೆಗೆ ಬಿಟ್ಟು ಬಂದೆ. ಟ್ರೇಲರ್‌ಗೆ ಕೆಂಪು ಪಟ್ಟಿ ಅಂಟಿಸಿದ್ದು ನೋಡಿ ಪಕ್ಕದ ಜಮೀನಿನವರೂ ಕೇಳಿಕೊಂಡು ಹೋದರು.

ಸರಸ್ವತಿಪುರಂ ಅಮ್ಮ · ಮುಂದಿನ ಭಾನುವಾರ, ಸಂಜೆ 5:30

ಎಲ್ಲರ ಮಾತನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿದೆವು. ಮಗನೇ ಓದಿದ.

ನಾವು ಮಾಡಿಕೊಂಡದ್ದು ಹೀಗೆ. ಹೊರಡುವವರು "ಹೊರಟೆ" ಅಂತ ಒಂದು ಮೆಸೇಜ್ ಹಾಕಬೇಕು, ತಲುಪಿದ ಮೇಲೆ "ಬಂದೆ" ಅಂತ. ಇವೆರಡರ ನಡುವೆ ಮನೆಯಿಂದ ಯಾರೂ ಫೋನ್ ಮಾಡುವಂತಿಲ್ಲ. ಮಾಮೂಲಿ ಹೊತ್ತಿಗಿಂತ ಅರ್ಧ ಗಂಟೆ ಮೀರಿದರೆ ಮಾತ್ರ ಮಾಡಬಹುದು. ಸಾಮಾನು ಏನು ಬೇಕೋ ಬೆಳಿಗ್ಗೆಯೇ ಹೇಳಬೇಕು. ಮರೆತರೆ ನಾನೇ ಚೀಲ ಹಿಡಿದು ಹೋಗುತ್ತೇನೆ, ಅಂಗಡಿ ಇರುವುದು ನಮ್ಮ ಬೀದಿಯ ಕೊನೆಯಲ್ಲೇ. ಫೋನ್ ಎತ್ತಲಿಲ್ಲ ಅಂತ ಯಾರಿಗೂ ಬೈಯುವಂತಿಲ್ಲ. ಇದನ್ನು ಮಗ ಸೇರಿಸಿದ. ನಮ್ಮತ್ತೆ ಒಪ್ಪಲಿಲ್ಲ, "ಮಗು ಹೇಗಿದೆ ಅಂತ ಕೇಳಬಾರದಾ" ಅಂದರು. ಅವರ ಪಕ್ಕ ಗೋಡೆಯ ಮೇಲೆ ಗಡಿಯಾರದ ಕೆಳಗೆ ಒಂದು ಚೀಟಿ ಅಂಟಿಸಿದ್ದೇವೆ, ಯಾರು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ. ಈಗ ಅವರು ಚೀಟಿ ನೋಡುತ್ತಾರೆ, ಗಡಿಯಾರ ನೋಡುತ್ತಾರೆ, ಜಪ ಮಾಡುತ್ತಾರೆ.

ಮಗ ಇನ್ನೂ ಐದು ವಾರ ಗಾಡಿ ಮುಟ್ಟುವ ಹಾಗಿಲ್ಲ. ಅದಕ್ಕೇ ಯಜಮಾನರಿಂದ ಶುರು ಮಾಡಿದ್ದೇವೆ. ಅವರು ದಿನಾ ಕಾರಿನಲ್ಲಿ ನಂಜನಗೂಡು ರಸ್ತೆಯ ಕಡೆ ಕೆಲಸಕ್ಕೆ ಹೋಗುತ್ತಾರೆ. ಮೊದಲೆರಡು ದಿನ "ಹೊರಟೆ" ಹಾಕುವುದನ್ನೇ ಮರೆತರು. ಮೊನ್ನೆ ಕೈ ತೋರಿಸಲು ಆಸ್ಪತ್ರೆಗೆ ಮೂವರೂ ಹೋಗುತ್ತಿದ್ದೆವು. ಅವರ ಫೋನ್ ರಿಂಗ್ ಆಯಿತು, ಕೈ ಹೋಯಿತು. ಪಕ್ಕದಲ್ಲಿದ್ದ ಮಗ ಪ್ಲಾಸ್ಟರ್ ಇಲ್ಲದ ಕೈಯಲ್ಲಿ ಅದನ್ನು ಎತ್ತಿ ಹಿಂದಿದ್ದ ನನಗೆ ಕೊಟ್ಟ. ಯಜಮಾನರು ಏನೂ ಅನ್ನಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡರು.

ಕೋಚಿಂಗ್‌ನ ಪೋಷಕರ ಗುಂಪಿನಲ್ಲೂ ಇದನ್ನು ಹಾಕಿದ್ದೇನೆ. ಆರರಿಂದ ಆರೂವರೆವರೆಗೆ ಮಕ್ಕಳಿಗೆ ಯಾರೂ ಫೋನ್ ಮಾಡುವುದು ಬೇಡ ಅಂತ. ಇಲ್ಲಿಯವರೆಗೆ ಹನ್ನೊಂದು ಜನ ಒಪ್ಪಿದ್ದಾರೆ.

ಸೆಕೆಂಡ್ ಪಿಯು · ಮುಂದಿನ ಭಾನುವಾರ, ರಾತ್ರಿ 8:45

ಆಂಟಿ, ಈ ಚರ್ಚೆಯನ್ನು ಗುರುವಾರ ನಮ್ಮಮ್ಮನಿಗೆ ಕಳಿಸಿದ್ದೆ. ಓದಿದರೋ ಇಲ್ಲವೋ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಿನ್ನೆ ಟ್ಯೂಷನ್‌ನಲ್ಲಿ ಟೆಸ್ಟ್ ಇತ್ತು, ಬರುವುದು ಇಪ್ಪತ್ತು ನಿಮಿಷ ತಡವಾಯಿತು. ಮನೆ ಹತ್ತಿರ ಬಂದು ಡಿಕ್ಕಿಯಿಂದ ಫೋನ್ ತೆಗೆದರೆ ಒಂದೂ ಮಿಸ್ಡ್ ಕಾಲ್ ಇರಲಿಲ್ಲ. ಅಮ್ಮ ಗೇಟಿನ ಹೊರಗೆ ಬಂದು ನಿಂತಿದ್ದರು. ಫೋನ್ ಕೈಯಲ್ಲೇ ಇತ್ತು.